ಬೇಡ ಎನ್ನಲು ನಾಲ್ಕು ಭಾಷೆ

ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ದುಭಾಷಿಯಮ್ಮ ಎನ್ನುತ್ತಿದ್ದರು. ಎದುರಿಗೆ ಹಾಗೆ, ಬೆನ್ನ ಹಿಂದೆ ಆಯಾಗಳು ‘ಎರಡು ನಾಲಿಗೆಯವಳು’ ಎಂದು ನಗುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಎರಡಲ್ಲ ನಾಲ್ಕು, ಸಂಬಳ ಮಾತ್ರ ಒಂದೇ ನಾಲಿಗೆಗೆ ಎಂದು ಒಮ್ಮೆ ಅವಳೇ ಹೇಳಿದ ಮೇಲೆ ಆ ನಗು ನಿಂತಿತು. ತಮಾಷೆಯನ್ನೂ ಅವಳು ಬಸ್ ಕಂಡಕ್ಟರು ನಿಲ್ದಾಣದ ಹೆಸರು ಕೂಗುವ ದನಿಯಲ್ಲೇ ಹೇಳುತ್ತಿದ್ದುದರಿಂದ ನಗಬೇಕೋ ಬೇಡವೋ ಯಾರಿಗೂ ತಿಳಿಯುತ್ತಿರಲಿಲ್ಲ.

ಅವಳು ಕೂರುತ್ತಿದ್ದುದು ಮೊದಲನೇ ಮಹಡಿಯ ಕೊನೆಯ ಕೋಣೆಯಲ್ಲಿ. ಒಂದು ಮೇಜು, ಡಾಕ್ಟರಮ್ಮನಿಗೆ ತಿರುಗುವ ಕುರ್ಚಿ, ಬಂದ ಹೆಂಗಸಿಗೆ ಪ್ಲಾಸ್ಟಿಕ್ ಕುರ್ಚಿ, ಇಬ್ಬರ ನಡುವೆ ತುಸು ಹಿಂದಕ್ಕೆ ಒಂದು ಸ್ಟೂಲು. ಸ್ಟೂಲು ಇವಳದು. ಆ ಕಡೆ ಹಸಿರು ಪರದೆ, ಪರದೆಯ ಹಿಂದೆ ಪರೀಕ್ಷೆಯ ಮಂಚ. ಗೋಡೆಯ ಮೇಲೆ ಹೆಂಗಸಿನ ಒಡಲಿನ ಬಣ್ಣದ ಚಿತ್ರ. ಆ ಚಿತ್ರದ ಹೆಂಗಸಿಗೆ ತಲೆಯೂ ಇರಲಿಲ್ಲ, ಕಾಲೂ ಇರಲಿಲ್ಲ, ಬೇಕಾದದ್ದಷ್ಟೇ ಇತ್ತು.

ಆ ಊರಿನಲ್ಲಿ ಕೆಲಸ ಹುಡುಕಿಕೊಂಡು ಬಂದವರೇ ಹೆಚ್ಚು. ಬೆಟ್ಟದವರು, ಬಂದರಿನವರು, ಇವಳ ಕಡೆಯವರು, ಇವರೆಲ್ಲರ ಮೇಲೆ ಆಫೀಸು ಭಾಷೆ ಆಡುವವರು. ಡಾಕ್ಟರಮ್ಮ ಆಫೀಸು ಭಾಷೆಯವರು. ಆ ಕೋಣೆಗೆ ಬರುವ ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ಬರುತ್ತಿದ್ದುದು ಒಂದೇ ಕಾರಣಕ್ಕೆ: ಇನ್ನು ಮಕ್ಕಳು ಬೇಡ, ಅಥವಾ ಸದ್ಯಕ್ಕೆ ಬೇಡ. ಇಷ್ಟನ್ನು ಹೇಳುವುದಕ್ಕೆ ನಾಲ್ಕು ಭಾಷೆಗಳು ಪಡುವ ಪಾಡು ನೋಡಿದರೆ, ಭಾಷೆಗಳನ್ನೆಲ್ಲ ಗಂಡಸರೇ ಜಗಲಿಯ ಮೇಲೆ ಕೂತು ಮಾಡಿದರೇನೋ ಅನ್ನಿಸುತ್ತದೆ.

ಆಫೀಸು ಭಾಷೆಯಲ್ಲಿ ಅದಕ್ಕೆ ಯೋಜನೆ ಎಂಬರ್ಥದ ಮಾತು. ಸೇತುವೆಗೂ ಯೋಜನೆ, ಒಳಚರಂಡಿಗೂ ಯೋಜನೆ, ಹೆಂಗಸಿನ ಹೊಟ್ಟೆಗೂ ಯೋಜನೆ. ಮೇಲಿನವರು ಮಂಜೂರು ಮಾಡಬೇಕು, ಕೆಳಗಿನವರು ಸಹಕರಿಸಬೇಕು. ಬೆಟ್ಟದವರ ಭಾಷೆಯಲ್ಲಿ ಅದು ಹೊಲ ಬೀಳು ಬಿಡುವುದು. ಕೇಳುವುದಕ್ಕೆ ಚೆಂದವೇ. ಆದರೆ ಬೀಳು ಬಿಡುವವನು ಹೊಲದ ಯಜಮಾನ. ಹೊಲ ತನ್ನನ್ನು ತಾನೇ ಬೀಳು ಬಿಟ್ಟುಕೊಂಡದ್ದುಂಟೇ? ಹಾಗಾಗಿ ಬೆಟ್ಟದ ಹೆಂಗಸರು ಬಂದು, ನಮ್ಮ ಯಜಮಾನರ ಹೊಲ ಒಂದೆರಡು ವರ್ಷ ಬೀಳಿರಲಿ ಎನ್ನುತ್ತಿದ್ದರು, ಬೇರೆ ಯಾರದೋ ಪರವಾಗಿ ಅರ್ಜಿ ತಂದವರ ಹಾಗೆ. ಬಂದರಿನವರ ಭಾಷೆಯಲ್ಲಿ ಗಂಡಸು ಹಾಕಿಕೊಳ್ಳುವುದಕ್ಕೆ ರೇನ್‌ಕೋಟು ಎಂಬ ತಮಾಷೆಯ ಹೆಸರಿದೆ. ಹೆಂಗಸು ನುಂಗುವುದಕ್ಕೆ ಮಾತ್ರ ‘ಬೀದಿಯವಳ ಗುಳಿಗೆ’ ಎನ್ನುತ್ತಾರೆ. ಮದುವೆಯಾಗಿ ಮೂರು ಹೆತ್ತವಳೂ ಅದನ್ನು ಕೇಳಬೇಕಾದರೆ ಮೊದಲು ತಲೆನೋವಿಗೆ ಔಷಧ ಕೇಳಿ, ಅದು ಕೈಗೆ ಬಂದ ಮೇಲೂ ಎದ್ದು ಹೋಗದೆ ಸುಮ್ಮನೆ ಕೂತಿರುತ್ತಿದ್ದಳು. ಹಾಗೆ ಕೂತಿದ್ದಾಳೆ ಎಂದರೆ ಕೇಳಿದಳು ಎಂದೇ ಅರ್ಥ.

ಇನ್ನು ದುಭಾಷಿಯಮ್ಮನ ಸ್ವಂತ ಮಾತು, ಮನೆಯ ಮಾತು. ಅದರಲ್ಲಿ ಗಂಡಸು ಜೋಪಾನವಾಗಿದ್ದರೆ ಹುಷಾರಾಗಿದ್ದಾನೆ ಎನ್ನುತ್ತಾರೆ. ಹೆಂಗಸು ಜೋಪಾನವಾಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದಾಳೆ ಎನ್ನುತ್ತಾರೆ. ತಪ್ಪಿಸಿಕೊಳ್ಳುವವರು ಯಾರು? ಕಳ್ಳರು, ಜೈಲಿನ ಕೈದಿಗಳು, ಶಾಲೆಗೆ ಚಕ್ಕರ್ ಹೊಡೆಯುವ ಮಕ್ಕಳು. ಗರ್ಭದೊಳಗೆ ಇಡುವ ಆ ಸಣ್ಣ ಸಾಧನಕ್ಕೆ ವಂಕಿ ಎಂದು ಹೆಸರಿಟ್ಟವರಂತೂ ಜಾಣರೇ ಇರಬೇಕು. ವಂಕಿ ಎಂದರೆ ತೋಳಿಗೆ ತೊಡುವ ಒಡವೆ. ಒಡವೆ ಎಂದರೆ ಹೆಂಗಸು ಬೇಡವೆನ್ನಲಾರಳು ಎಂದು ಎಣಿಸಿದ್ದರೋ ಏನೋ. ಹಾಕಿಸಿಕೊಂಡು ನಾಲ್ಕು ಜನರಿಗೆ ತೋರಿಸಲಾಗದ ಒಡವೆ ಅದೊಂದೇ.

ಇವೆಲ್ಲ ಅವಳಿಗೆ ಹೊಳೆದಿರಲಿಲ್ಲವೆಂದಲ್ಲ. ಹೊಳೆದು, ಸಿಟ್ಟೂ ಬಂದು, ಆ ಸಿಟ್ಟು ಆರಿ ಬಹಳ ಕಾಲವಾಗಿತ್ತು. ಈಗ ಬೀಳು ಹೊಲ ಕಿವಿಯಲ್ಲಿ ಹೊಕ್ಕು ಬಾಯಲ್ಲಿ ಯೋಜನೆಯಾಗಿ ಹೊರಗೆ ಬರುತ್ತಿತ್ತು. ನಡುವೆ ಎಲ್ಲಿಯೂ ಏನೂ ಅಂಟಿಕೊಳ್ಳುತ್ತಿರಲಿಲ್ಲ.

ಆ ಕೆಲಸಕ್ಕೆ ಅದರದೇ ಕಟ್ಟುಪಾಡುಗಳಿವೆ. ಬಂದವಳು ‘ನಾನು’ ಎಂದರೆ ದುಭಾಷಿಯೂ ‘ನಾನು’ ಎಂದೇ ಹೇಳಬೇಕು. ಇವಳಿಗೆ ಬೇಡವಂತೆ ಎನ್ನುವ ಹಾಗಿಲ್ಲ; ನನಗೆ ಬೇಡ ಎನ್ನಬೇಕು. ‘ಅಂತೆ’ ಸೇರಿತೋ, ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ. ಹೇಳಿದ್ದನ್ನು ಬಿಡಬಾರದು, ಹೇಳದ್ದನ್ನು ಸೇರಿಸಬಾರದು. ಕೋಣೆಯ ಮಾತು ಕೋಣೆಯಲ್ಲೇ ಇರಬೇಕು. ಬಂದವಳು ನೆಂಟಳಾಗಿದ್ದರೆ ದುಭಾಷಿ ಎದ್ದು ಹೊರಗೆ ಹೋಗಬೇಕು. ಹೊಸದಾಗಿ ಸೇರಿದವರಿಗೆ ಈ ‘ನಾನು’ ಬಾಯಿಗೆ ಬರಲು ತಿಂಗಳು ಹಿಡಿಯುತ್ತದೆ, ನಾಚಿಕೆಯಾಗುತ್ತದೆ. ಇವಳಿಗೆ ಒಂದು ಕಾಲದಲ್ಲಿ ಆಗಿದ್ದಿರಬಹುದು. ವರ್ಷಗಟ್ಟಲೆ ದಿನವಿಡೀ ನನಗೆ ಮೂರು ಮಕ್ಕಳು, ನನಗೆ ಮುಟ್ಟು ನಿಂತಿದೆ, ನನ್ನ ಗಂಡ ಕೇಳುವುದಿಲ್ಲ ಎಂದು ಹೇಳುತ್ತ ಬಂದವಳಿಗೆ ಆ ‘ನಾನು’ ಬಾಗಿಲ ಹಿಡಿಕೆಯ ಹಾಗೆ ಸವೆದು ನಯವಾಗಿತ್ತು. ಸಂಜೆ ಮನೆಗೆ ಬಂದು ನನಗೆ ಹಸಿವು ಎಂದರೂ ಇನ್ನಾರದೋ ಹಸಿವಿನಂತೆ ಕೇಳಿಸುತ್ತಿತ್ತು.

ಭಾಷೆಗಳನ್ನು ಅವಳು ಶಾಲೆಯಲ್ಲಿ ಕಲಿತದ್ದಲ್ಲ. ತಾಯಿ ದೊಡ್ಡ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇದ್ದದ್ದು ವಠಾರದಲ್ಲಿ, ಎಡಗಡೆ ಬೆಟ್ಟದವರು, ಬಲಗಡೆ ಬಂದರಿನವರು, ನಡುವೆ ಒಂದೇ ನಲ್ಲಿ. ನಲ್ಲಿಯ ಹತ್ತಿರ ಬೈಗುಳ ಮೊದಲು ಬಂತು, ಆಮೇಲೆ ಲೆಕ್ಕ, ಆಮೇಲೆ ಹಾಡು, ಕಟ್ಟಕಡೆಗೆ ಸಭ್ಯ ಮಾತು. ಆಫೀಸು ಭಾಷೆಯನ್ನು ಶಾಲೆ ಕಲಿಸಿತು, ಅದೂ ಬೆತ್ತ ಹಿಡಿದು. ಹೀಗೆ ಪುಕ್ಕಟೆ ಬಂದದ್ದು ಮುಂದೆ ಅನ್ನ ಕೊಟ್ಟಿತು.

ಮದುವೆಯಾದದ್ದು ತನ್ನದೇ ಮಾತಿನ ಒಬ್ಬ ವೈರ್‌ಮನ್‌ನನ್ನು. ಒಳ್ಳೆಯ ಮನುಷ್ಯನೆಂದೇ ಹೇಳಬೇಕು. ಕುಡಿದವನಲ್ಲ, ಕೈ ಎತ್ತಿದವನಲ್ಲ, ಏನನ್ನೂ ಕೇಳಿದವನೂ ಅಲ್ಲ. ಮೊದಲು ಮಗಳು ಹುಟ್ಟಿದಳು, ಆಮೇಲೆ ಮಗ. ಮಗನನ್ನು ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡನನ್ನು ಅಂದಿನ ಡಾಕ್ಟರು ಆಫೀಸು ಭಾಷೆಯಲ್ಲಿ ಏನೋ ಕೇಳಿದರು. ಅವನಿಗೆ ಅರ್ಧ ಅರ್ಥವಾಯಿತು, ಪೂರ್ತಿ ತಲೆಯಾಡಿಸಿದ. ಪಕ್ಕದಲ್ಲಿದ್ದ ಅವನ ತಾಯಿಯೂ ತಲೆಯಾಡಿಸಿದಳು. ಇವಳಿಗೆ ಎಚ್ಚರವಾದಾಗ ನರ್ಸು ದಿಂಬು ಸರಿಮಾಡುತ್ತ, ಹೆಣ್ಣೊಂದು ಗಂಡೊಂದು ಆಯಿತಲ್ಲ, ಜೊತೆಯಲ್ಲೇ ಆಪರೇಷನ್ನೂ ಮುಗಿಸಿದ್ದಾರೆ, ಇನ್ನು ನಿನಗೆ ಚಿಂತೆಯಿಲ್ಲ ಎಂದಳು. ನಾಲ್ಕು ಭಾಷೆ ಬಲ್ಲವಳನ್ನು ಒಂದು ಭಾಷೆಯಲ್ಲೂ ಯಾರೂ ಕೇಳಿರಲಿಲ್ಲ. ಇನ್ನೊಂದು ಮಗು ಬೇಕಿತ್ತೋ ಬೇಡವಾಗಿತ್ತೋ ಅವಳಿಗೇ ಗೊತ್ತಿರಲಿಲ್ಲ; ಗೊತ್ತು ಮಾಡಿಕೊಳ್ಳುವ ಹೊತ್ತೇ ಬರಲಿಲ್ಲ. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಗಂಡ ತೀರಿಕೊಂಡಾಗಲೂ ಕಾದಳು. ಆಗಲೂ ಬರಲಿಲ್ಲ. ಗಟ್ಟಿಗಿತ್ತಿ ಎಂದರು ಜನ. ಜನಕ್ಕೇನು, ಕಲ್ಲನ್ನೂ ಗಟ್ಟಿ ಎನ್ನುತ್ತಾರೆ.

ಮಗಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಮಗ ಲಿಫ್ಟ್ ಮೆಕ್ಯಾನಿಕ್ಕಾದ. ಒಂದು ಕಟ್ಟಡದ ಲಿಫ್ಟು ಕೆಟ್ಟು ವಾರಗಟ್ಟಲೆ ಅಲ್ಲೇ ಕೆಲಸ ಮಾಡುವಾಗ, ನಾಲ್ಕನೇ ಮಹಡಿಯ ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುತ್ತಿದ್ದ ಬೆಟ್ಟದ ಹುಡುಗಿಯೊಬ್ಬಳು ದಿನಾ ಮೆಟ್ಟಿಲು ಹತ್ತಿ ಇಳಿಯುತ್ತ ಅವನನ್ನು ನೋಡಿ ನಕ್ಕಳು. ಲಿಫ್ಟು ರಿಪೇರಿಯಾಗುವುದು ಬೇಕೆಂದೇ ತಡವಾಯಿತು ಎಂದು ಅವನ ಜೊತೆಯವರು ಮದುವೆಯ ದಿನ ಚುಡಾಯಿಸಿದರು. ಅವನಿಗೆ ಬರುತ್ತಿದ್ದುದು ಹರುಕು ಬೆಟ್ಟದ ಭಾಷೆ, ಅವಳಿಗೆ ಬರುತ್ತಿದ್ದುದು ಮುರುಕು ಮನೆ ಮಾತು. ಪ್ರೀತಿಸುವುದಕ್ಕೆ ಅಷ್ಟು ಸಾಕಾಗಿತ್ತು. ಜಗಳಕ್ಕೆ ಸಾಕಾಗಲಿಲ್ಲ.

ಬೆಟ್ಟದ ಭಾಷೆಯನ್ನು ಅರಳು ಹುರಿದಂತೆ ಆಡಬಲ್ಲ ಅತ್ತೆ ಮನೆಯಲ್ಲೇ ಇದ್ದಳಲ್ಲ ಎಂದು ಯಾರಾದರೂ ಕೇಳಿಯಾರು. ಇದ್ದಳು. ಆದರೆ ಆಸ್ಪತ್ರೆಯಿಂದ ಬಂದವಳು ಕೋಟಿನ ಜೊತೆ ಆ ಭಾಷೆಯನ್ನೂ ಗೂಟಕ್ಕೆ ತಗುಲಿಹಾಕುತ್ತಿದ್ದಳು. ಅದು ಕೆಲಸದ ಭಾಷೆ, ಅದನ್ನು ಆಡಿದರೆ ಮತ್ತೆ ಸ್ಟೂಲಿನ ಮೇಲೆ ಕೂತ ಹಾಗಾಗುತ್ತಿತ್ತು. ಸೊಸೆಯೂ ಮನೆ ಮಾತು ಕಲಿಯಲಿ ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಸೊಸೆ ಬೇರೆ ಅರ್ಥ ಮಾಡಿಕೊಂಡಳು: ತನ್ನ ಭಾಷೆ ಅತ್ತೆಗೆ ಅಸಹ್ಯ ಎಂದು. ಮೂರು ವರ್ಷದ ಮೊಮ್ಮಗಳು ನೀರನ್ನು ಬೆಟ್ಟದ ಭಾಷೆಯಲ್ಲಿ ಕೇಳಿದರೆ ಅಜ್ಜಿ ಮನೆ ಮಾತಿನಲ್ಲಿ ‘ತಗೋ’ ಎನ್ನುತ್ತಿದ್ದಳು. ಹೀಗೆಯೇ ದಿನ ಹೋಗುತ್ತಿತ್ತು, ಯಾರಿಗೂ ತೊಂದರೆಯಿಲ್ಲದೆ, ಯಾರಿಗೂ ಸುಖವಿಲ್ಲದೆ.

ಆ ವರ್ಷ ಸೊಸೆಗೆ ಐದು ತಿಂಗಳ ಬಸಿರು ಇಳಿದುಹೋಯಿತು. ವರ್ಷವಾದರೂ ಮೈ ಸುಧಾರಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಗನಿಗೆ ದುಃಖವಾದದ್ದು ನಿಜ, ಆದರೆ ಆ ದುಃಖಕ್ಕೆ ಅವನಿಗೆ ಗೊತ್ತಿದ್ದ ಔಷಧ ಒಂದೇ: ಇನ್ನೊಂದು ಮಗು, ಬೇಗ. ಆಗುವುದು ಆಗಲಿ, ಮನೆ ತುಂಬ ಮಕ್ಕಳಿರಲಿ ಎನ್ನುತ್ತಿದ್ದ. ಸೊಸೆ ಹೂಂ ಎನ್ನುತ್ತಿದ್ದಳು. ಮನೆ ಮಾತಿನಲ್ಲಿ ಅವಳಿಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ಅವನು ಕೆಲಸಕ್ಕೆಂದು ಪರ ಊರಿಗೆ ಹೊರಟ ದಿನ ಅವಳ ಮುಖ ಸಡಿಲಾಗುತ್ತಿದ್ದುದು, ಬರುವ ದಿನ ಬಿಗಿಯುತ್ತಿದ್ದುದು ಅತ್ತೆಗೆ ಕಾಣುತ್ತಿತ್ತು. ಮಗನಿಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಯ ಕಾಲ ಬಂದಾಗ ಇವಳಿಗೆ ಅದನ್ನು ಹಿಡಿದು ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಮಂಗಳವಾರ ದುಭಾಷಿಯಮ್ಮ ಊರಾಚೆಯ ಇನ್ನೊಂದು ಆಸ್ಪತ್ರೆಗೆ ಹೋಗಬೇಕು. ಆ ದಿನ ಕೊನೆಯ ಕೋಣೆಯ ಸ್ಟೂಲಿನ ಮೇಲೆ ಬೇರೊಬ್ಬಳು ಕೂರುತ್ತಾಳೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಮಂಗಳವಾರ ಬೇರೊಬ್ಬಳಿಗೆ ಜ್ವರ. ಬಸ್ಸು ಹತ್ತಬೇಕಾಗಿದ್ದ ಇವಳನ್ನು ಫೋನು ಮಾಡಿ ಹಿಂದಕ್ಕೆ ಕರೆಸಿದರು. ನಡು ಬೆಳಿಗ್ಗೆಯ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಅವಳ ಸೊಸೆ.

ಸೊಸೆಯ ಕೈ ಬಾಗಿಲಿನ ಮೇಲೇ ಉಳಿಯಿತು. ಡಾಕ್ಟರಮ್ಮ ಏನೋ ಬರೆಯುತ್ತ ತಲೆ ಎತ್ತದೆ ಕುರ್ಚಿ ತೋರಿಸಿ, ಏನಾಗಬೇಕಿತ್ತು ಎಂದರು. ದುಭಾಷಿಯಮ್ಮ ಏಳಬೇಕಾಗಿತ್ತು. ಎದ್ದುಬಿಟ್ಟರೆ ಬೇರೆ ದುಭಾಷಿಯಿಲ್ಲ. ಸೊಸೆ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕು. ವಂಕಿ ಹಾಕುವುದು ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಮಾತ್ರ, ಇನ್ನು ಬರುವ ತಿಂಗಳೇ ಆಗಬೇಕು. ವಾರದ ಕೊನೆಗೆ ಮಗ ಊರಿಂದ ಬರುತ್ತಾನೆ. ಇಷ್ಟೂ ಅವಳ ತಲೆಯಲ್ಲಿ ಹಾದುಹೋಯಿತು, ಕರುಣೆಯಿಂದಲ್ಲ, ಬಸ್ಸಿನ ವೇಳೆ ನೆನಪಾಗುವ ಹಾಗೆ. ಕಾಲು ಏಳಲಿಲ್ಲ, ಅಷ್ಟೆ. ಆಸ್ಪತ್ರೆಯವರಿಗೆ ಇದನ್ನು ಅವಳು ಇವತ್ತಿಗೂ ಹೇಳಿಲ್ಲ.

“ಕೂತ್ಕೊಳ್ಳಿ,” ಎಂದಳು ಬೆಟ್ಟದ ಭಾಷೆಯಲ್ಲಿ. “ಏನಾಗ್ಬೇಕಿತ್ತು ಅಂತ ಡಾಕ್ಟರು ಕೇಳ್ತಿದಾರೆ.”

ಮದುವೆಯಾಗಿ ಬಂದಂದಿನಿಂದ ಅತ್ತೆ ತನ್ನ ಭಾಷೆಯಲ್ಲಿ ಆಡಿದ ಮೊದಲ ಮಾತು ಅದು, ಅದೂ ಬಹುವಚನದಲ್ಲಿ. ಅತ್ತೆಗೆ ಆ ಭಾಷೆ ಬರುತ್ತದೆಂದು ಸೊಸೆ ಕೇಳಿದ್ದಳು; ತನ್ನ ತವರಿನ ಮುದುಕಿಯರು ಆಡುವ ಹಾಗೆಯೇ ಬರುತ್ತದೆಂದು ತಿಳಿದಿರಲಿಲ್ಲ. ಅವಳು ಕೂತಳು. ಕಣ್ಣು ಪರದೆಯ ಮೇಲಿಟ್ಟು ಯಜಮಾನರ ಹೊಲದ ಮಾತನ್ನು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಹೊಲ ಬಿಟ್ಟು, ಯಜಮಾನರನ್ನೂ ಬಿಟ್ಟು, ಬರೀ ‘ನನಗೆ ಬೇಡ’ ಎಂದಳು. ಆ ಕೋಣೆಯಲ್ಲಿ ಬೆಟ್ಟದ ಹೆಂಗಸರ ಬಾಯಿಂದ ದುಭಾಷಿಯಮ್ಮ ಅಷ್ಟು ಬೋಳು ಮಾತನ್ನು ಕೇಳಿದ್ದು ಕಡಿಮೆ. ಉಳಿದದ್ದನ್ನೂ ಸೊಸೆ ಹಾಗೆಯೇ ಹೇಳಿದಳು.

ದುಭಾಷಿಯಮ್ಮ ಡಾಕ್ಟರಮ್ಮನ ಕಡೆ ತಿರುಗಿ, ನನಗೆ ಈಗ ಮಗು ಬೇಡ, ಹೋದ ಸಲ ಐದು ತಿಂಗಳಿಗೆ ಇಳಿದುಹೋಯಿತು, ತುಂಬ ರಕ್ತ ಹೋಯಿತು, ಸತ್ತೇ ಹೋಗುತ್ತೇನೆ ಅನ್ನಿಸಿತು, ಮಗಳ ಹೆಸರು ಹಿಡಿದು ಕೂಗಲು ಹೋದರೆ ದನಿಯೇ ಬರಲಿಲ್ಲ ಎಂದಳು. ಆ ದಿನ ಇವಳು ಪಕ್ಕದ ಕೋಣೆಯಲ್ಲಿ ಅದೇ ಮಗಳಿಗೆ ಊಟ ಮಾಡಿಸುತ್ತಿದ್ದಳು. ದನಿ ಬರದಿದ್ದುದು ಈಗ ತಿಳಿಯಿತು.

ಗಂಡನಿಗೆ ಹೇಳಿದ್ದೀರಾ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ, ಅವರಿಗೆ ಗೊತ್ತಾಗಬಾರದು ಎಂದಳು ಸೊಸೆ. ಆಮೇಲೆ, ಇನ್ನೂ ಪರದೆಯನ್ನೇ ನೋಡುತ್ತ ಮತ್ತೊಂದು ಮಾತು ಹೇಳಿದಳು. ಕೋಣೆಯದು ಕೋಣೆಯಲ್ಲೇ ಇರಲಿ ಎಂದು ಬೇಡಿಕೊಂಡದ್ದು ಅದು. ಬೇಡಿಕೊಳ್ಳಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಹೇಳಿದ್ದನ್ನು ಬಿಡಬಾರದಲ್ಲ. ದುಭಾಷಿಯಮ್ಮ ಅದನ್ನೂ ಹೇಳಿದಳು.

“ನಮ್ಮತ್ತೆಗೂ ಗೊತ್ತಾಗಬಾರದು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇಂಥ ಮಾತು ಬಂದರೆ ವಿಚಾರಿಸಬೇಕೆಂದು ಅವರಿಗೆ ಅವರದೇ ಕಟ್ಟುಪಾಡಿದೆ. ಅತ್ತೆ ಹೊಡೆಯುತ್ತಾರಾ, ಬೈಯುತ್ತಾರಾ, ಊಟ ಹಾಕುವುದಿಲ್ಲವಾ, ಕೇಳಿ ಎಂದರು. ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮತ್ತೆ ನಿಮ್ಮನ್ನು ಹೊಡೆಯುತ್ತಾರಾ ಎಂದು ಬಹುವಚನದಲ್ಲಿ ಕೇಳಿದ ಅತ್ತೆ ಈ ಭೂಮಿಯ ಮೇಲೆ ಇನ್ನೊಬ್ಬಳು ಇರಲಾರಳು. ಇವಳು ಕೇಳಿದಳು. ಒಂದನ್ನೂ ಬಿಡದೆ ಕೇಳಿದಳು.

ಸೊಸೆ ಈಗ ಪರದೆ ಬಿಟ್ಟು ಅವಳ ಮುಖ ನೋಡಿದಳು. ಆಮೇಲೆ ಉತ್ತರ ಕೊಟ್ಟಳು. ಬಂದದ್ದನ್ನು ಬಂದ ಹಾಗೆ, ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ, ದುಭಾಷಿಯಮ್ಮ ಡಾಕ್ಟರಮ್ಮನಿಗೆ ಒಪ್ಪಿಸಿದಳು.

“ಇಲ್ಲ. ಹೊಡೆಯೋದಿಲ್ಲ, ಬೈಯೋದಿಲ್ಲ. ಅವರು ಏನೂ ಅನ್ನೋದಿಲ್ಲ. ಆ ದಿನ ನನ್ನ ರಕ್ತದ ಬಟ್ಟೆ ಅವರೇ ಒಗೆದು ಹಾಕಿದ್ರು, ಒಂದು ಮಾತೂ ಆಡ್ಲಿಲ್ಲ. ನನ್ನ ಮೇಲೆ ಸಿಟ್ಟೋ, ಅಯ್ಯೋ ಪಾಪ ಅಂತಲೋ, ನನಗೆ ಗೊತ್ತಾಗಲ್ಲ. ಅದಕ್ಕೇ ಭಯ.”

ಡಾಕ್ಟರಮ್ಮ ಹೂಂ ಎಂದು ಮತ್ತೆ ಪೆನ್ನು ತೆಗೆದುಕೊಂಡರು. ಅವರ ಕಟ್ಟುಪಾಡಿನಲ್ಲಿ ಏನೂ ಅನ್ನದ ಅತ್ತೆಗೆ ಜಾಗವಿರಲಿಲ್ಲ.

ಪರದೆಯ ಹಿಂದೆ ದುಭಾಷಿ ಮಂಚದ ತಲೆಯ ಕಡೆ ನಿಲ್ಲಬೇಕು, ಕಾಲಿನ ಕಡೆ ನೋಡಬಾರದು, ಮುಟ್ಟಬಾರದು. ಉಸಿರು ಬಿಡಿ ಎನ್ನುತ್ತಿದ್ದಾರೆ, ಸ್ವಲ್ಪ ನೋವಾಗುತ್ತದೆ ಎನ್ನುತ್ತಿದ್ದಾರೆ, ಮುಗಿಯಿತು ಎನ್ನುತ್ತಿದ್ದಾರೆ ಎಂದು ಇವಳು ಹೇಳುತ್ತ ಹೋದಳು. ಸೊಸೆ ಮಂಚದ ಸರಳನ್ನು ಹಿಡಿದುಕೊಂಡಿದ್ದಳು. ಆ ಕೈಯಿಂದ ಅತ್ತೆಯ ಕೈಗೆ ಗೇಣು ದೂರವೂ ಇರಲಿಲ್ಲ. ಇವಳು ಮುಟ್ಟಲಿಲ್ಲ.

ಸಂಜೆ ಮನೆಗೆ ಬಂದಾಗ ಸೊಸೆ ಮೊದಲೇ ಬಂದು ತರಕಾರಿ ಹೆಚ್ಚುತ್ತಿದ್ದಳು. ಅತ್ತೆ ಕೋಟು ಗೂಟಕ್ಕೆ ಹಾಕಿ, ಚಹಾ ಇದೆಯಾ ಎಂದು ಮನೆ ಮಾತಿನಲ್ಲಿ ಕೇಳಿದಳು. ಇದೆ ಅತ್ತೆ ಎಂದಳು ಸೊಸೆ. ಅಷ್ಟೇ. ಕೋಣೆಯ ಮಾತು ಕೋಣೆಯಲ್ಲೇ ಉಳಿಯಿತು, ಕಟ್ಟುಪಾಡು ಚೆನ್ನಾಗಿ ನಡೆಯಿತು.

ಅವಳಿಗೆ ನೋವಾಯಿತೇ ಎಂದರೆ, ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಇದು ನನ್ನದೇ ಹೌದೇ ಎಂದು ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಬಸ್ಸಿನಲ್ಲಿ ಕೂತಾಗ, ಮೊಮ್ಮಗಳ ಜಡೆ ಹಾಕುವಾಗ, ಇನ್ನೊಬ್ಬಳ ಮಾತನ್ನು ‘ನಾನು’ ಎಂದು ಹೇಳುವ ನಡುವೆ, ಅವರು ಏನೂ ಅನ್ನೋದಿಲ್ಲ ಎಂಬುದನ್ನು ಅವಳು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸೊಸೆಗೆ ಏನಾದರೂ ಹೇಳಿದರೆ ಕೋಣೆಯನ್ನು ಮನೆಗೆ ತಂದಂತೆ. ಹೇಳದಿದ್ದರೆ ಸೊಸೆ ಹೇಳಿದ್ದೇ ನಿಜವಾದಂತೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಉಗುಳಲಾರದೆ ನುಂಗಲಾರದೆ ದಿನ ತಳ್ಳಿದಳು. ಸೊಸೆ ಮೊದಲಿಗಿಂತ ಹೆಚ್ಚು ಮೆಲ್ಲಗೆ ಓಡಾಡತೊಡಗಿದಳು, ಪಾತ್ರೆ ಸದ್ದಾದರೂ ತಿರುಗಿ ಅತ್ತೆಯ ಮುಖ ನೋಡುತ್ತಿದ್ದಳು.

ತಿಂಗಳುಗಳು ಕಳೆದವು. ಸೊಸೆ ಬಸಿರಾಗಲಿಲ್ಲ. ಮಗನಿಗೆ ಅವನ ಕೆಲಸದ ಜೊತೆಗಾರನೊಬ್ಬ ಕಿವಿ ಊದಿದ: ಈಗಿನ ಹೆಂಗಸರು ಗಂಡನಿಗೆ ತಿಳಿಯದ ಹಾಗೆ ತಪ್ಪಿಸಿಕೊಳ್ಳುತ್ತಾರೆ, ನಿನ್ನ ತಾಯಿಯೇ ಅಲ್ಲಿ ಕೆಲಸ ಮಾಡುವುದಲ್ಲವಾ, ಕೇಳು. ಒಂದು ರಜೆಯ ಮಧ್ಯಾಹ್ನ ಅವನು ಅಡುಗೆಮನೆಯ ಫ್ಯಾನನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸಿದ. ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತ. ಸೊಸೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮಗು ಒಳಗೆ ಮಲಗಿತ್ತು.

“ಅಮ್ಮಾ, ಇವಳ್ನ ಒಂದು ಮಾತು ಕೇಳು. ಅವರ ಭಾಷೆಯಲ್ಲೇ ಕೇಳು. ನಾನು ಕೇಳಿದ್ರೆ ಬರೀ ಹೂಂ ಉಹೂಂ ಅಂತಾಳೆ.”

“ಏನಂತ ಕೇಳ್ಲಿ?”

“ತಪ್ಪಿಸ್ಕೊಳ್ತಿದಾಳಾ ಅಂತ. ನಿಂಗೇ ಗೊತ್ತಲ್ಲ, ದಿನಾ ಅದೇ ಕೆಲಸ.”

ಸೊಸೆಗೆ ಆ ಒಂದು ಮಾತು ಮಾತ್ರ ಮನೆ ಮಾತಿನಲ್ಲಿ ಚೆನ್ನಾಗಿಯೇ ಅರ್ಥವಾಯಿತು. ಸೊಪ್ಪಿನ ಮೇಲಿನ ಕೈ ನಿಂತಿತು. ಅವಳು ಗಂಡನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ಅತ್ತೆ ಕೈ ತೊಳೆದುಕೊಳ್ಳಬಹುದಿತ್ತು. ಮಗ ಕೇಳಿದ್ದನ್ನು ಕೇಳಿದ ಹಾಗೆ ಕೇಳಿ, ಅವಳು ಇಲ್ಲ ಎಂದರೆ ಇಲ್ಲ ಎಂದು ತಿರುಗಿಸಿ ಹೇಳಿ ಎದ್ದುಹೋಗಬಹುದಿತ್ತು. ಸುಳ್ಳು ಸೊಸೆಯದಾಗುತ್ತಿತ್ತು, ಇವಳ ನಾಲಿಗೆಗೆ ಏನೂ ತಗಲುತ್ತಿರಲಿಲ್ಲ. ಅವಳು ಸೊಸೆಯ ಎದುರಿಗೆ ನೆಲದ ಮೇಲೆ ಕೂತಳು. ಆ ಅಡುಗೆಮನೆಯಲ್ಲಿ ಮೊದಲ ಸಲ ಅವಳ ಬಾಯಿಂದ ಬೆಟ್ಟದ ಭಾಷೆ ಬಂತು, ಬಹುವಚನವಿಲ್ಲದೆ.

“ಅವನು ಏನು ಕೇಳ್ತಿದಾನೆ ಅಂತ ನಿನಗೆ ಗೊತ್ತಾಯ್ತು. ಇಲ್ಲ ಅಂತ ಹೇಳು ಅಂದ್ರೆ ಇಲ್ಲ ಅಂತ ಹೇಳ್ತೀನಿ, ನನ್ನ ಮೇಲೆ ಆಣೆಯಿಟ್ಟು ಹೇಳ್ತೀನಿ. ನಿಜ ಹೇಳು ಅಂದ್ರೆ ನಿಜ ಹೇಳ್ತೀನಿ. ನೀನು ಹೇಳಿದ ಹಾಗೆ, ಮಗಳೇ.”

ಸೊಸೆ ಕೈಗಂಟಿದ್ದ ಸೊಪ್ಪಿನ ಎಲೆಯನ್ನು ಬಿಡಿಸಿ ಹಾಕಿದಳು. ಆಮೇಲೆ ತಲೆಯೆತ್ತಿ ತನ್ನ ಭಾಷೆಯಲ್ಲಿ ನಾಲ್ಕೇ ಮಾತು ಹೇಳಿದಳು. ತಾಯಿ ಮಗನ ಕಡೆ ತಿರುಗಿದಳು. ಅಷ್ಟು ವರ್ಷದ ಅಭ್ಯಾಸ, ಬೇರೆ ರೀತಿ ಹೇಳುವುದು ಅವಳಿಗೆ ಬರುತ್ತಲೂ ಇರಲಿಲ್ಲ.

“ನಾನು ವಂಕಿ ಹಾಕಿಸ್ಕೊಂಡಿದೀನಿ. ಇನ್ನೊಂದು ಸಲ ಹಾಗೆ ರಕ್ತ ಹೋದ್ರೆ ನಾನು ಉಳಿಯೋದಿಲ್ಲ. ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ನನಗೆ ಬೇಡ.”

ನರೆಗೂದಲಿನ ತಾಯಿ ತನ್ನನ್ನು ‘ನಿಮ್ಮ’ ಎಂದದ್ದನ್ನು ಕೇಳಿ ಬೇರೆ ಹೊತ್ತಾಗಿದ್ದರೆ ಮಗ ನಕ್ಕುಬಿಡುತ್ತಿದ್ದ. ಈಗ ಅವನ ಮುಖ ಕೆಂಪಾಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟ. ಹೆಂಡತಿಯನ್ನು ನೋಡಿ ಮಾತು ಶುರುಮಾಡಿ, ಮಾತು ಸಾಲದೆ ಮತ್ತೆ ತಾಯಿಯ ಕಡೆಗೇ ತಿರುಗಿದ.

“ಕೇಳು ಅವಳ್ನ. ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ? ನಾನು ಇಲ್ವಾ?”

ಇದನ್ನು ಬೆಟ್ಟದ ಭಾಷೆಗೆ ತಿರುಗಿಸಿ ಸೊಸೆಗೆ ಹೇಳಬೇಕಾಗಿತ್ತು. ಅವಳು ಸೊಸೆಯ ಕಡೆ ತಿರುಗಲೇ ಇಲ್ಲ. ಮನೆ ಮಾತಿನಲ್ಲಿ, ಅದೇ ದನಿಯಲ್ಲಿ, ನಿಲ್ಲಿಸದೆ ಮುಂದುವರಿಸಿದಳು.

“ನನ್ನನ್ನ ಯಾರೂ ಕೇಳ್ಲಿಲ್ಲ. ನಾನು ನಿದ್ದೆಯಲ್ಲಿದ್ದೆ. ಎಚ್ಚರ ಆದಾಗ ಎಲ್ಲ ಮುಗಿದಿತ್ತು, ನರ್ಸು ದಿಂಬು ಸರಿಮಾಡ್ತಿದ್ಲು. ಹೊರಗೆ ಬೆಂಚಿನ ಮೇಲೆ ಕೂತವರನ್ನ ಕೇಳಿದ್ರಂತೆ, ಅವರು ತಲೆ ಆಡಿಸಿದ್ರಂತೆ. ಇನ್ನೊಂದು ಬೇಕಿತ್ತಾ ಬೇಡ್ವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.”

ಮಗ ಹುಬ್ಬು ಗಂಟಿಕ್ಕಿ ಹೆಂಡತಿಯನ್ನು ನೋಡಿದ. ಹೆಂಡತಿಗೆ ಯಾವ ಬೆಂಚು, ಯಾವ ನರ್ಸು, ಯಾವಾಗ ಎಂದು ಅವನಿಗೆ ಬಗೆಹರಿಯಲಿಲ್ಲ. ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಸೊಪ್ಪನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಹತ್ತಿರಕ್ಕೆ ಜರುಗಿ ಕೂತಳು.

“ಅಮ್ಮಾ,” ಎಂದ ಮಗ, “ಇದು ಅವಳು ಹೇಳಿದ್ದಾ?”

“ಅಲ್ಲ,” ಎಂದಳು ತಾಯಿ. “ಇದು ನೀನು ಹುಟ್ಟಿದ ದಿನದ್ದು.”